ವಾಡೆಯ ಗೋಡೆ ಮತ್ತು ಕುಂಬಾರ ಹುಳು

ತಲೆಮಾರುಗಳ ಜೋಳದ ರಾಶಿ ಕಾಯ್ದಿದ್ದ ದೇಸಾಯರ ವಾಡೆಯ ಮಣ್ಣಿನ ಗೋಡೆ ಬಿಸಿಲಿಗೆ ತೂಕಡಿಸುತ್ತಿತ್ತು. ಕುಂಬಾರ ಹುಳು ಹಾರಿಬಂದು, "ಅವ್ವಾ, ಗೂಡು ಕಟ್ಟಲು ಚಿಟಿಕೆ ಮಣ್ಣು ಕೊಡು" ಎಂದಿತು.

"ನಿನಗೆ ಕೊಟ್ಟು ಕೊಟ್ಟು ಸವೆದೆ. ಪ್ರತಿ ದಸರೆಗೂ ಹೆಂಗಸರಿಂದ ಮಣ್ಣು ಮೆತ್ತಿಸಿಕೊಂಡು ದಣಿದೆ. ನನ್ನನ್ನು ಕಾಪಾಡಲೆಂದೇ ಈಗ ಸಿಮೆಂಟು ಬಳಿದಿದ್ದಾರೆ. ಇನ್ನು ಯಾರ ಕೈಯೂ ನನಗೆ ಬೇಕಿಲ್ಲ!"

"ಮಳೆಗೆ ನೆನೆದರೆ ಹೇಗೆ ಆರುತ್ತೀ?" ಎಂದು ಹುಳು ಕೇಳಿತು. ಗೋಡೆ ಆಗಲೇ ನಿದ್ದೆಹೋಗಿತ್ತು.

ಮಳೆಗಾಲ ಬಂತು. ಗೋಡೆಯ ನೆತ್ತಿಯಿಂದ ಒಳಗಿಳಿದ ನೀರಿಗೆ ಸಿಮೆಂಟು ದಾಟಿ ಹೊರಬರುವ ದಾರಿ ಕಾಣಲಿಲ್ಲ. ತಾನು ಹೊಳೆಯಲ್ಲಿ ತೇಲುತ್ತಿರುವಂತೆ ಗೋಡೆ ಸುಖವಾಗಿ ಕನಸು ಕಂಡಿತು. ಎಚ್ಚರವಾದಾಗ ತಾನೇ ಅಂಗಳದ ತುಂಬ ಕೆಸರಾಗಿ ಹರಡಿತ್ತು. ಎದುರಿನ ಕಂಬದ ಮೇಲೊಂದು ಪುಟ್ಟ ಮಣ್ಣಿನ ಗೂಡು ಮಾತ್ರ ಗಟ್ಟಿಯಾಗಿ ನಿಂತಿತ್ತು.

"ಅದು ಎಲ್ಲಿಯ ಮಣ್ಣು, ತಮ್ಮಾ?"

"ಹೋದ ವರ್ಷ ನೀನು ಕೊಟ್ಟದ್ದೇ, ಅವ್ವಾ."