ಏಳು ಜನ್ಮದ ಡಬ್ಬಿ

ಸೋಡಾ ಅಂಗಡಿಯ ಕಟ್ಟೆಯ ಮೇಲೆ ಯಾರೋ ಕುಡಿದು ಬಿಟ್ಟ ಅಲ್ಯೂಮಿನಿಯಂ ಡಬ್ಬಿಯೊಂದು ಗೋಲಿಸೋಡಾ ಬಾಟಲಿಯ ಮುಂದೆ ಬೀಗುತ್ತಿತ್ತು. "ಕುಲುಮೆಯಲ್ಲಿ ಕರಗಿ ಕರಗಿ ನನಗಿದು ಏಳನೆಯ ಜನ್ಮ. ತಮಗೆ ಎಷ್ಟನೆಯದು?"

"ಇನ್ನೂ ಮೊದಲನೆಯದೇ ಸ್ವಾಮಿ. ಖಾಲಿಯಾದಾಗ ಸ್ನಾನ ಮಾಡಿಸಿ, ಸೋಡಾ ತುಂಬಿ, ಗೋಲಿಯಿಂದ ಬಾಯಿ ಮುಚ್ಚಿಬಿಡುತ್ತಾರೆ."

ಪಾಪ ಎಂದುಕೊಂಡು ಡಬ್ಬಿ ಎಂಟನೆಯ ಜನ್ಮಕ್ಕೆ ಹೊರಟಿತು. ಕುಲುಮೆಯ ಬಾಗಿಲಲ್ಲಿ ಇದ್ದಿಲುಗಳೆಲ್ಲ ಸಾಲಾಗಿ ಕೂತು ಅಳುತ್ತಿದ್ದವು.

"ಯಾರು ಹೋದರು?" ಎಂದು ಡಬ್ಬಿ ವಿಚಾರಿಸಿತು.

"ಇನ್ನೂ ಹೋಗಿಲ್ಲ, ನಿಮ್ಮ ದಾರಿಯನ್ನೇ ಕಾಯುತ್ತಿದ್ದೆವು" ಎಂದಿತು ಹಿರಿಯ ಇದ್ದಿಲು. "ನೀವು ಹುಟ್ಟಿ ಪುರುಡಾದಾಗಲೆಲ್ಲ ನಮ್ಮ ಮನೆಯಲ್ಲಿ ಸೂತಕ."

ಡಬ್ಬಿಗೆ ಗಾಬರಿಯಾಯಿತು. "ಹಾಗಾದರೆ ಆ ಸೋಡಾ ಬಾಟಲಿಯಂತೆ ನನಗೂ ಸ್ನಾನವೇ ಸಾಕು."

"ಸಾಕಿತ್ತು. ಆದರೆ ಒಮ್ಮೆ ತೆರೆದರೆ ಮತ್ತೆ ಮುಚ್ಚದ ಬಾಯಿ ನಿಮ್ಮದು, ಹುಟ್ಟಿಸಿದವರೇ ಹಾಗೆ ಮಾಡಿದ್ದಾರೆ" ಎಂದು ಇದ್ದಿಲು, ವಾಡಿಕೆಯಂತೆ, ಮೊದಲು ತಾನೇ ಒಳಗಿಳಿಯಿತು.