ನಿಂತ ಬೊಮ್ಮಕ್ಕ

ಅಳಿವೆಬಾಗಿಲ ಬಂದರದಿಂದ ಮೇಲೆ ಹತ್ತಿದ್ರೆ, ಮೀನು ಒಣಗಿಸೋ ಬಯಲಿನ ಆಚೆ ಒಂದು ಹಾಳು ಮನೆ ಇದೆ. ಮೇಲೆ ಮಾಡು ಇಲ್ಲ, ಕದ ಇಲ್ಲ, ನಿಂತಿರೋ ಗೋಡೆ ಒಂದೇ, ನೆಲ ಮಾತ್ರ ಹಾಗೇ ಉಳ್ಕೊಂಡಿದೆ. ಕಡಲೆಕಾಳಿನಷ್ಟು ಚಿಕ್ಕ ಬಣ್ಣದ ಕಲ್ಲನ್ನ ಒತ್ತೊತ್ತಾಗಿ ಕೂರಿಸಿ, ಏಳು ಜನ ಗಡ್ಡದ ಮುದುಕರನ್ನ ಮಾಡಿದಾರೆ. ಮರದಡಿ ಕೂತು ಮಾತಾಡ್ತಿದಾರೆ. ಒಬ್ಬ ಕೋಲಿಂದ ಒಂದು ಗೋಳ ತೋರಿಸ್ತಿದಾನೆ, ಇನ್ನೊಬ್ಬನಿಗೆ ನಿದ್ದೆ ಬಂದ ಹಾಗಿದೆ. ಏಳು ಗಂಡಸರಿರೋ ಆ ಜಾಗಕ್ಕೆ ಊರವರು ಕರೆಯೋದು ಮಾತ್ರ ನಿಂತ ಬೊಮ್ಮಕ್ಕ ಅಂತ.

ಹಿಂದೊಂದು ಕಾಲದಲ್ಲಿ, ಕಾಳುಮೆಣಸಿಗೆ ಹಡಗು ತರ್ತಿದ್ದ ಯವನ ಸಾಹುಕಾರ ಆ ಮನೆ ಕಟ್ಟಿಸಿದ್ನಂತೆ. ಕಲ್ಲು ಕೂರಿಸೋನೂ ಅವನ ದೇಶದಿಂದ್ಲೇ ಬಂದು, ಕೆಲಸ ಮುಗಿಸಿ ಹೋದ್ನಂತೆ. ತಿಳಿದವರನ್ನ ನೆಲದಲ್ಲಿ ಬರೆಸೋದು ಅವರ ಕಡೆ ದೊಡ್ಡಸ್ತಿಕೆ. ನಮ್ಮವರೋ, ಹಿರಿಯರಿಗೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ಜನ. ಆಳುಗಳೆಲ್ಲ ಹೊಸಿಲಲ್ಲೇ ನಿಂತ್ಬಿಟ್ರು. ನೀರು ಹೊರೋ ಬೊಮ್ಮಕ್ಕನೂ ಕೊಡ ಹೊಸಿಲಲ್ಲಿಟ್ಟು ಹೋಗ್ತಿದ್ಲು.

ಅವನ ಕಡೆಯವರನ್ನ ಕರ್ಕೊಂಡು ಹಡಗೆಲ್ಲ ಹೊರಟ ಮೇಲೆ ಸಾಹುಕಾರನಿಗೆ ಜ್ವರ ಹತ್ತಿತು. ಅವನು ಬಿದ್ದಿದ್ದು ಒಳಕೋಣೇಲಿ, ಅಲ್ಲಿಗೆ ದಾರಿ ಆ ಏಳು ಜನರ ಮೇಲೇ. ಬೆಳಿಗ್ಗೆ ಬೊಮ್ಮಕ್ಕ ಬಂದ್ರೆ ನಿನ್ನೆಯ ಕೊಡ ತುಂಬಿದ್ದು ತುಂಬಿದ ಹಾಗೇ ಇದೆ, ಒಳಗೆ ನರಳಾಟ. ತುಳಿದ್ರೆ ಊರವರು ಬಾವಿಕಟ್ಟೆ ಹತ್ತಿಸಲ್ಲ, ಬಾವಿ ತಪ್ಪಿದ್ರೆ ಅವಳ ಹೊಟ್ಟೆಪಾಡು ನಡೆಯಲ್ಲ. ಅದು ಗೊತ್ತಿದ್ದೂ ಗಂಜಿ ಕಾಯಿಸಿ ತಂದ್ಲು. ಒಬ್ಬೊಬ್ಬ ಮುದುಕನನ್ನೂ ತುಳಿದು, ಬಗ್ಗಿ ಮುಟ್ಟಿ, ಕಣ್ಣಿಗೊತ್ಕೊಂಡು ದಾಟೋ ಹೊತ್ತಿಗೆ ಗಂಜಿ ತಣ್ಣಗಾಗಿತ್ತು. ಆದ್ರೂ ಅದರಲ್ಲೇ ಜೀವ ಉಳೀತು ಅಂತಾರೆ.

ಬಾವಿ ಹತ್ರ ಪಕ್ಕದ್ಮನೆ ದೇಯಕ್ಕ ಸೊಂಟಕ್ಕೆ ಕೈ ಕೊಟ್ಟು ಅಡ್ಡ ನಿಂತ್ಲು. "ಹಿರಿಯರ ಮುಖ ತುಳಿದ ಕಾಲು. ಕಟ್ಟೆ ಹತ್ಬೇಡ ಮಾರಾಯ್ತಿ."

"ಏಳು ಜನ ಹಿರಿಯರಿದ್ರು. ಒಬ್ರಾದ್ರೂ ಎದ್ದು ಗಂಜಿ ಕೊಟ್ಟಿದ್ರೆ ನಾನ್ಯಾಕೆ ತುಳೀತಿದ್ದೆ?"

ಆದ್ರೂ ದಾರಿ ಬಿಡಲಿಲ್ಲ. ನಾಲ್ಕಾರು ದಿನ ಅವಳ ಕೊಡ ಖಾಲಿ. ಆಮೇಲೆ ಸಾಹುಕಾರ ಕೋಲೂರಿಕೊಂಡು ಬಾವಿ ಹತ್ರ ಬಂದ. "ಅವರು ನಮ್ಮ ಹಿರಿಯರು. ಸಿಟ್ಟಾಗೋದಿದ್ರೆ ನಾನಾಗ್ಬೇಕು," ಅಂದ.

ದೇಯಕ್ಕ ಬಿಡೋಳಲ್ಲ. "ಅಷ್ಟು ಜನ ಕೂತು ಏನು ಮಾತಾಡ್ತಿರೋದು?"

"ಮನುಷ್ಯ ಹೇಗೆ ಬದುಕ್ಬೇಕು ಅಂತ."

"ಇನ್ನೂ ಮುಗಿದಿಲ್ವ?" ಅಂದ್ಲು ಬೊಮ್ಮಕ್ಕ.

ದೇಯಕ್ಕನಿಗೆ ತಡ್ಕೊಳ್ಳೋಕಾಗದೆ ನಗು ಬಂತು. ನಕ್ಕ ಮೇಲೆ ಅಡ್ಡ ನಿಲ್ಲೋಕಾಗುತ್ತಾ, ಸರಿದ್ಲು.

ಸಾಹುಕಾರ, ಆ ಏಳು ಜನರ ಪಕ್ಕ ನಿನ್ನನ್ನೂ ಕಲ್ಲಲ್ಲಿ ಕೂರಿಸ್ತೀನಿ ಅಂದ್ನಂತೆ. "ನಿಮ್ಮಜ್ಜಂದಿರು ನೆಲದಲ್ಲೇ ಇರ್ಲಿ. ಹೋಗೋರು ಬರೋರೆಲ್ಲ ನನ್ನನ್ನ ತುಳಿಯೋದು ಬೇಡ, ನಾನು ನಿಂತ್ಕೋತೀನಿ," ಅಂದ್ಲಂತೆ ಬೊಮ್ಮಕ್ಕ. ಕಲ್ಲು ಕೂರಿಸೋನು ಇರಲಿಲ್ಲ. ಮಿಕ್ಕ ಕಲ್ಲನ್ನ ಸಾಹುಕಾರ ತಾನೇ ಬಾಗಿಲ ಪಕ್ಕದ ಗೋಡೆಗೆ ಒತ್ತಿ ಅವಳನ್ನ ನಿಲ್ಲಿಸಿದ.

ಆ ಗೋಡೆ ಇನ್ನೂ ಬಿದ್ದಿಲ್ಲ. ಕೆಲಸ ಬಾರದವನ ಕೈ, ನೋಡಿದ್ರೇ ತಿಳಿಯುತ್ತೆ. ಒಂದು ತೋಳು ಉದ್ದ, ಕಣ್ಣು ಸೊಟ್ಟ, ಗಂಜಿ ಪಾತ್ರೆ ತಲೆಗಿಂತ ದೊಡ್ಡದು. ಬಂದವರು ಆ ಏಳು ಜನರನ್ನ ತಲೆ ಬಗ್ಗಿಸಿ ನೋಡ್ತಾರೆ. ಬೊಮ್ಮಕ್ಕನನ್ನ ನೋಡೋಕೆ ತಲೆ ಎತ್ತಲೇಬೇಕು.