ಗಾಜಿನ ಕಪಾಟಿನ ಹಾಕಿ ಸ್ಟಿಕ್ಕು

ವಿರಾಜಪೇಟೆಯ ಮುದ್ದಯ್ಯ ಹಳೆಯ ಆಟದ ಸಾಮಾನುಗಳನ್ನು ಕೂಡಿಡುತ್ತಿದ್ದ. ಅವನಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚು, ಗೋಡೆಯ ಗಾಜಿನ ಕಪಾಟಿನಲ್ಲಿದ್ದ ಹಾಕಿ ಸ್ಟಿಕ್ಕು. ಒಂದು ದಿನ ಗೋಡೆಯ ಬಿರುಕಿನಿಂದ ಗೆದ್ದಲೊಂದು ಕಪಾಟಿನೊಳಗೆ ಇಣುಕಿತು.

“ದೂರ ನಿಲ್ಲು! ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದದ್ದು ನಾನು,” ಎಂದಿತು ಸ್ಟಿಕ್ಕು.

“ಧನ್ಯನಾದೆ ಸ್ವಾಮಿ. ಈಗಲೂ ಆಡುತ್ತೀರಾ?” ಎಂದು ಗೆದ್ದಲು ಕೇಳಿತು.

“ಆಡುವುದೇ? ನನ್ನನ್ನು ಮುಟ್ಟಲೂ ಯಾರಿಗೂ ಅಪ್ಪಣೆಯಿಲ್ಲ.”

“ಧೂಳು ಒರೆಸಲಿಕ್ಕೂ?”

“ಉಹೂಂ! ಮೂವತ್ತು ವರ್ಷದಿಂದ ಈ ಬಾಗಿಲು ತೆರೆದಿಲ್ಲ. ಬಂದವರೆಲ್ಲ ಎದುರಿಗೆ ನಿಂತು, ನೋಡಿ, ಕೈಮುಗಿದು ಹೋಗುತ್ತಾರೆ. ನನ್ನ ಬೆನ್ನನ್ನಂತೂ ಇದುವರೆಗೆ ಒಬ್ಬರೂ ಕಂಡಿಲ್ಲ.”

ಗೆದ್ದಲು ವಿನಯದಿಂದ ತಲೆಬಾಗಿತು. ಆಮೇಲೆ ಬಿರುಕಿನತ್ತ ತಿರುಗಿ ತನ್ನ ಬಳಗವನ್ನು ಕೂಗಿತು: “ಎಲ್ಲರೂ ಬನ್ನಿರೋ, ಬೆನ್ನಿನಿಂದ ಶುರುಮಾಡೋಣ!”